ಮಹದವಿಯರೂ ದೈವದರ್ಶನವೂ

ಚನ್ನಪಟ್ಟಣವೆಂದೊಡನೆ ಅರಗಿನ ಬಣ್ಣದ ಮರದ ಗೊಂಬೆಗಳೂ ವಾದ್ಯಗಳ ಉಕ್ಕಿನ ತಂತಿಗಳೂ ನೆನಪಿಗೆ ಬರುವುದು ಸಹಜವೇ. 1986ರಿಂದ 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದ ಈ ಊರಿನಲ್ಲಿ, ಪಡುವಣ ಕರಾವಳಿಯೊಡನೆ ವ್ಯಾಪಾರ ನಡೆಸುತ್ತಿದ್ದ ಮುಸಲ್ಮಾನರ ಒಂದು ಪಂಗಡವನ್ನು ರೈಸ್ ಮಹಾಶಯರು ಮೈಸೂರು ಗ್ಯಾಸೆಟಿಯರಿನಲ್ಲಿ ದಾಯರೆಯವರೆಂದು ಹೆಸರಿಸಿರುವರು. ಹೆಸರು ಚಿಕ್ಕದು, ಅದರ ಹಿಂದಿರುವ ಪ್ರಶ್ನೆ ಚಿಕ್ಕದಲ್ಲ. ಮನುಷ್ಯನು ಈ ದೇಹದಲ್ಲಿರುವಾಗಲೇ ದೇವರನ್ನು ಕಾಣಬಲ್ಲನೆ? ಬಲ್ಲನು, ಅಷ್ಟೇ ಅಲ್ಲ, ಕಾಣಬೇಕೆಂದು ಹಂಬಲಿಸುವುದು ಪ್ರತಿಯೊಬ್ಬನ ಕರ್ತವ್ಯವೆಂದು ಉತ್ತರವಿತ್ತವರು ಇವರು. ಮಹದವಿಯರೆಂಬುದು ಇವರ ಮತದ ಹೆಸರು.

ಇಸ್ಲಾಮಿನಲ್ಲಿ ಈ ವಿವಾದವು ಪುರಾತನವಾದುದು. ನಿನ್ನನ್ನು ತೋರೆಂದು ಮೂಸಾ ಪ್ರವಾದಿಯು ಬೇಡಲು, ದೇವರು ಅದು ಆಗದೆಂದನೆಂದೂ, ಆತನ ಪ್ರಕಾಶವು ಬಿದ್ದ ಬೆಟ್ಟವು ಪುಡಿಯಾಗಿ ಮೂಸಾ ಮೂರ್ಛೆಗೊಂಡನೆಂದೂ ಕುರಾನು ಹೇಳುತ್ತದೆ. ದೃಷ್ಟಿಗಳು ದೇವರನ್ನು ಮುಟ್ಟಲಾರವೆಂಬ ಅರ್ಥದ ಮಾತು ಅದರಲ್ಲಿಯೇ ಇದೆ; ಅಂತಿಮ ದಿನದಲ್ಲಿ ಕೆಲವರ ಮುಖಗಳು ತಮ್ಮ ಪ್ರಭುವನ್ನು ನೋಡುತ್ತ ಬೆಳಗುವುವೆಂಬುದೂ ಇದೆ. ದೇವರಿಗೆ ಶರೀರವಿಲ್ಲ, ದಿಕ್ಕಿಲ್ಲ. ಆದುದರಿಂದ ಪರದಲ್ಲಿಯೂ ದರ್ಶನವಿಲ್ಲವೆಂದು ಮುಅತಜಿಲ ಪಂಥದ ತಾರ್ಕಿಕರು ಸಾಧಿಸಿದರು. ಅಶ್‌ಅರಿಯ ಅನುಯಾಯಿಗಳು ಪರಲೋಕದ ದರ್ಶನವು ನಿಶ್ಚಯವೆಂದರು. ಅಸಾಧ್ಯವಾದುದನ್ನು ಪ್ರವಾದಿಯೊಬ್ಬನು ಬೇಡುವನೆ ಎಂಬುದು ಅವರ ಚಮತ್ಕಾರದ ವಾದ. ಮೇರಾಜಿನ ರಾತ್ರಿ ಪೈಗಂಬರರು ದೇವರನ್ನು ಕಂಡರೇ ಎಂಬುದರಲ್ಲಿಯೂ ಏಕಮತವಿಲ್ಲ: ಪತ್ನಿ ಆಯಿಷಾ ಇಲ್ಲವೆಂದರು, ಬಂಧುವಾದ ಇಬ್ನ್ ಅಬ್ಬಾಸರು ಹೌದೆಂದರು. ಅಷ್ಟು ನಿಕಟದವರಲ್ಲಿಯೇ ಭೇದವಿದ್ದ ಮೇಲೆ ನಂತರದವರಲ್ಲಿ ಒಮ್ಮತವನ್ನು ನಿರೀಕ್ಷಿಸುವುದೆಂತು? ಸಾಮಾನ್ಯ ವಿಶ್ವಾಸಿಗೆ ಇಹದಲ್ಲಿ ಕಣ್ಣಾರೆ ದರ್ಶನವಿಲ್ಲವೆಂಬುದೇ ಬಹುಮಂದಿ ಪಂಡಿತರ ನಿರ್ಣಯವಾಗಿ ನಿಂತಿತು. ಸೂಫಿಗಳು ಮಾತ್ರ ಹೃದಯದ ಕಣ್ಣೊಂದುಂಟೆಂದು ಹೇಳುತ್ತ ಬಂದರು. 1422ರಲ್ಲಿ ಕಲಬುರಗಿಯಲ್ಲಿ ದೇಹವಿಟ್ಟ ಬಂದೇನವಾಜರು ಅಂತಹ ಪರಂಪರೆಯವರು. ಆದರೆ ಆ ಸಂಗತಿಯು ಗುರುಶಿಷ್ಯರ ನಡುವಣ ರಹಸ್ಯವಾಗಿಯೇ, ಕೆಲವರ ಸೌಭಾಗ್ಯವಾಗಿಯೇ ಉಳಿಯಿತು.

ಆ ರಹಸ್ಯವನ್ನು ಬೀದಿಗೆ ತಂದವರು 1443ರಲ್ಲಿ ಜೌನಪುರದಲ್ಲಿ ಹುಟ್ಟಿದ ಸಯ್ಯದ್ ಮುಹಮ್ಮದರು. ಇವರು ದಖ್ಖನಿನ ಮಾರ್ಗವಾಗಿ ಮೆಕ್ಕೆಗೆ ಹೋಗಿ ತಾವೇ ಮಹದಿಯೆಂದು ಸಾರಿದರು. ಗುಜರಾತಿನಲ್ಲಿ ಅದನ್ನೇ ಪುನಃ ಘೋಷಿಸಿ, ಊರೂರಿನಿಂದ ಹೊರದೂಡಿಸಿಕೊಂಡು, 1505ರಲ್ಲಿ ಈಗಿನ ಆಫ್ಘಾನಿಸ್ಥಾನದ ಫರಾಹಿನಲ್ಲಿ ತೀರಿಕೊಂಡರು. ಲೋಕತ್ಯಾಗ, ಸತ್ಯವಂತರ ಸಹವಾಸ, ಏಕಾಂತ, ದೇವರಲ್ಲಿಯೇ ಭರವಸೆ, ನಿರಂತರ ಸ್ಮರಣೆ, ವಲಸೆ ಇವುಗಳೊಡನೆ ದೈವದರ್ಶನದ ಬಯಕೆಯನ್ನೂ ಇವರು ಕಡ್ಡಾಯವಾಗಿ ವಿಧಿಸಿದರು. ಚರ್ಮಚಕ್ಷುವಿನಿಂದಾಗಲಿ, ಮನಸ್ಸಿನ ಕಣ್ಣಿನಿಂದಾಗಲಿ, ಕಡೆಗೆ ಕನಸಿನಲ್ಲಾಗಲಿ ದೇವರನ್ನು ಕಾಣದವನು ವಿಶ್ವಾಸಿಯಲ್ಲವೆಂಬುದು ಇವರ ಬೋಧೆ. ಎಷ್ಟು ಕಠಿಣವಾದ ಮಾತು! ಇಷ್ಟಕ್ಕೇ ನಿಂತಿದ್ದರೆ ಅನುಯಾಯಿಗಳಲ್ಲಿ ಎಷ್ಟು ಮಂದಿ ಉಳಿಯುತ್ತಿದ್ದರೋ. ಆದರೆ ಕಾಣದೆಹೋದರೂ ಪ್ರಾಮಾಣಿಕವಾಗಿ ಹುಡುಕುವವನು ವಿಶ್ವಾಸಿಗಳ ಸಾಲಿನಲ್ಲಿಯೇ ಎಣಿಸಲ್ಪಡುವನೆಂದು ಅವರೇ ಬಾಗಿಲನ್ನು ತೆರೆದಿಟ್ಟರು. ಇಲ್ಲಿ ಕುರುಡನಾದವನು ಪರದಲ್ಲಿಯೂ ಕುರುಡನೇ ಎಂಬರ್ಥದ ಕುರಾನಿನ ವಾಕ್ಯವು ಮಹದವಿಯರಿಗೆ ಮುಖ್ಯ ಆಧಾರ. ಇತರ ಪಂಡಿತರು ಅದನ್ನು ಸತ್ಯವನ್ನು ಕಾಣದವನ ಕುರುಡೆಂದು ಅರ್ಥಮಾಡುವರು. ಇವರು ದೇವರನ್ನೇ ಕಾಣದವನ ಕುರುಡೆನ್ನುವರು.

ಇವರು ಕೂಡಿ ಬಾಳುತ್ತಿದ್ದ ನೆಲೆಗೆ ದಾಯರೆ, ಎಂದರೆ ವರ್ತುಲ, ಎಂದು ಹೆಸರು. ಬಂದುದನ್ನು ಅಲ್ಲಿ ಎಲ್ಲರೂ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಗುಜರಾತಿನ ಸುಲ್ತಾನನ ಸೈನ್ಯದೊಡನೆ ಕಾದಿ ಇವರ ನಾಯಕ ಸಯ್ಯದ್ ಖುಂದಮೀರರು 1524ರಲ್ಲಿ ಮಡಿದರು. ದಖ್ಖನಿನಲ್ಲಿಯಾದರೋ ಇವರಿಗೆ ಆಶ್ರಯವೂ ಅಧಿಕಾರವೂ ದೊರೆತುವು. ಅಹಮದನಗರದ ರಾಜ್ಯಸೂತ್ರವು 1591ರಲ್ಲಿ ಹತನಾಗುವವರೆಗೆ ಜಮಾಲಖಾನನೆಂಬ ಮಹದವಿಯ ಕೈಯಲ್ಲಿದ್ದಿತು. ಮುಂದೆ ಈ ಮತದ ಯೋಧರು ಮೈಸೂರಿನ ಸೈನ್ಯದಲ್ಲಿಯೂ ಸೇವೆಗೆ ನಿಂತರು.

ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನನು ಇವರನ್ನು ತನ್ನ ರಾಜ್ಯದಿಂದ ಹೊರಗಟ್ಟಿದುದು 1792ರ ಒಡಂಬಡಿಕೆಯ ಅನಂತರದ ವರ್ಷಗಳಲ್ಲಿ. ರಂಜಾನಿನ ಇಪ್ಪತ್ತೇಳನೆಯ ರಾತ್ರಿ ಇವರು ನೆರೆದು ಉಚ್ಚಸ್ವರದಿಂದ ದೈವಸ್ಮರಣೆ ಮಾಡುತ್ತಿದ್ದುದರಿಂದ ಹುಟ್ಟಿದ ಕಲಹವನ್ನು ಇತಿಹಾಸಕಾರನಾದ ಕಿರ್ಮಾನಿಯು ಕಾರಣವಾಗಿ ಹೇಳುತ್ತಾನೆ. ದರ್ಶನವು ಸಾಧ್ಯವೋ ಅಲ್ಲವೋ ಎಂಬುದು ಅರಮನೆಯ ಗೊಡವೆಯಾಗಿದ್ದಿರಲಾರದು. ಆಯುಧವುಳ್ಳವರು ಬೇರೊಂದು ಗುಂಪಾಗಿ ಸೇರುವುದನ್ನು ಯಾವ ಪ್ರಭುತ್ವವೂ ಸಹಿಸದು. 1799ರಲ್ಲಿ ಟಿಪ್ಪುವಿನ ಆಳಿಕೆ ಮುಗಿದ ಮೇಲೆ ಅವರಿಗೆ ಈ ನಾಡಿನ ಬಾಗಿಲು ಮರಳಿ ತೆರೆಯಿತು. ಚನ್ನಪಟ್ಟಣದಲ್ಲಿ ಮಹದವಿಯರು ಇಂದಿಗೂ ಇದ್ದಾರೆ. ಅದೇ ಊರಿನ ಕೋಟೆಯ ಬಡಗಣ ದಿಕ್ಕಿಗೆ, ಟಿಪ್ಪುವಿನ ಧರ್ಮಗುರುವೆಂದು ರೈಸರು ಬರೆದಿರುವ ಅಕಿಲ್ ಶಾಹ ಖಾದರಿಯವರ ಗೋರಿಯಿದೆ.