ದೂರದ ಊರಿನ ಲಿನಕ್ಸ್ ಸರ್ವರ್: ನೋಂದಣಿ, ನಿರ್ವಹಣೆ ಹೇಗೆ?

ಏಷ್ಯಾದ ಅತಿದೊಡ್ಡ ಈರುಳ್ಳಿ ಮಾರುಕಟ್ಟೆ ಎಂದು ಹೆಸರಾದ ಊರು ನಾಸಿಕ್ ಜಿಲ್ಲೆಯ ಲಾಸಲಗಾಂವ್. ಅಲ್ಲಿನ ವರ್ತಕರೊಬ್ಬರ ಲೆಕ್ಕಪತ್ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಸರ್ವರ್‌ನಲ್ಲಿದ್ದು, ಅದನ್ನು ನೋಡಿಕೊಳ್ಳುವ ತಂತ್ರಜ್ಞರು ಬೆಂಗಳೂರಿನಲ್ಲಿದ್ದಾರೆ ಎಂದುಕೊಳ್ಳಿ. ಭದ್ರತಾ ದೋಷ ಸರಿಪಡಿಸಲು ಅವರು ಅಷ್ಟು ದೂರ ಹೋಗಬೇಕಿಲ್ಲ. ಆದರೆ ಸರ್ವರ್ ಮೊದಲೇ ನೋಂದಣಿಯಾಗಿರಬೇಕು.

ನೋಂದಣಿ ಯಾಕೆ?
ನೋಂದಣಿಯಾಗದ ಸರ್ವರ್ ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ಆದರೆ ಕಂಪನಿಯಿಂದ ಭದ್ರತಾ ಅಪ್‌ಡೇಟ್ ಬರುವುದಿಲ್ಲ. ಅಪಾಯ ಕಣ್ಣಿಗೆ ಬೀಳದಿರುವುದೇ ಇಲ್ಲಿನ ತೊಂದರೆ.

ಹೇಗೆ ಮಾಡುವುದು?
* 8.5 ಮತ್ತು ನಂತರದ ಆವೃತ್ತಿಗಳಲ್ಲಿ ರೂಟ್ ಬಳಕೆದಾರರಾಗಿ 'ಆರ್‌ಎಚ್‌ಸಿ ಕನೆಕ್ಟ್' ಕಮಾಂಡ್ ಕೊಟ್ಟರೆ ನೋಂದಣಿಯ ಜತೆಗೆ ಇನ್‌ಸೈಟ್ಸ್ ಸೇವೆಯ ಸಂಪರ್ಕವೂ ಆಗುತ್ತದೆ.
* ಹಳೆಯ ಆವೃತ್ತಿಗಳಿಗೆ 'ಸಬ್‌ಸ್ಕ್ರಿಪ್ಷನ್ ಮ್ಯಾನೇಜರ್' ಬಳಸಬೇಕು.
* ಆಕ್ಟಿವೇಷನ್ ಕೀ ಬಳಸಿದರೆ, ಸರ್ವರ್ ಮುಂದೆ ಕುಳಿತವರಿಗೆ ಖಾತೆಯ ಪಾಸ್‌ವರ್ಡ್ ಹೇಳಬೇಕಿಲ್ಲ.

ಆಮೇಲೆ?
ಇನ್‌ಸೈಟ್ಸ್‌ನಲ್ಲಿ ದೋಷಗಳ ಪಟ್ಟಿ ನೋಡಿ, ಪರಿಹಾರದ ಪ್ಲೇಬುಕ್ ಅನ್ನು ಬೆಂಗಳೂರಿನಿಂದಲೇ ಚಲಾಯಿಸಬಹುದು. ಸರ್ವರ್ ತಾನಾಗಿಯೇ 443ನೇ ಪೋರ್ಟ್ ಮೂಲಕ ಹೊರಕ್ಕೆ ಸಂಪರ್ಕಿಸುವುದರಿಂದ, ಇದಕ್ಕಾಗಿ ಫೈರ್‌ವಾಲ್‌ನಲ್ಲಿ ಒಳಬರುವ ದಾರಿ ತೆರೆಯಬೇಕಿಲ್ಲ. ಸರ್ವರ್ ಮಾರುವ ಮುನ್ನ 'ಆರ್‌ಎಚ್‌ಸಿ ಡಿಸ್‌ಕನೆಕ್ಟ್' ಮಾಡಲು ಮರೆಯಬೇಡಿ.