ಆಪರೇಷನ್ ಆದ ಮೇಲಿನ ನೋವಿನ ಕಥೆ

ಗೆಳತಿಯರೇ, ಹೊಟ್ಟೆಯ ದೊಡ್ಡ ಆಪರೇಷನ್ ಆದವರನ್ನು ಕೇಳಿ ನೋಡಿ. ಕೊಯ್ಯುವಾಗ ಏನೂ ಗೊತ್ತಾಗಲಿಲ್ಲ, ಕಷ್ಟವಾಗಿದ್ದು ಎಚ್ಚರವಾದ ಮೇಲೆ ಎನ್ನುತ್ತಾರೆ. ಅರಿವಳಿಕೆಯ ಇತಿಹಾಸವೂ ಹಾಗೆಯೇ ಇದೆ. 1846ರಲ್ಲಿ ಬಾಸ್ಟನ್‌ನಲ್ಲಿ ಈಥರ್ ಬಳಕೆಗೆ ಬಂದು ಆಪರೇಷನ್ ಹೊತ್ತಿನ ನೋವು ನೀಗಿತು. ಆಮೇಲಿನ ನೋವಿಗೆ ದಾರಿ ತೆರೆಯಲು ಇನ್ನೂ ನೂರು ವರ್ಷ ಬೇಕಾಯಿತು.

1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರ್ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಕೇನ್ ಚುಚ್ಚಿ, ರೋಗಿ ಎಚ್ಚರವಿರುವಾಗಲೇ ದೇಹದ ಕೆಳಭಾಗವನ್ನಷ್ಟೇ ಮರಗಟ್ಟಿಸಿದರು. 1921ರಲ್ಲಿ ಸ್ಪೇನಿನ ಸೇನಾ ವೈದ್ಯ ಫಿಡೆಲ್ ಪಾಹೆಸ್, ಆ ದ್ರವದ ಚೀಲವನ್ನು ತೂತು ಮಾಡದೆ ಅದರ ಹೊರಗೇ ಔಷಧ ಕೊಡುವ ಕ್ರಮವನ್ನು ಪ್ರಕಟಿಸಿದರು. ಅದೇ ಎಪಿಡ್ಯೂರಲ್. ನಮ್ಮ ಐಟಿ ಭಾಷೆಯಲ್ಲಿ, ಇಡೀ ಸರ್ವರ್ ಆಫ್ ಮಾಡದೆ ಒಂದು ಲೈನ್ ಮಾತ್ರ ಬ್ಲಾಕ್ ಮಾಡಿದ ಹಾಗೆ! ಆದರೆ ಒಂದು ಸಲ ಕೊಟ್ಟ ಮದ್ದು ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತಿತ್ತು.

1947ರಲ್ಲಿ ಕ್ಯೂಬಾದ ಹವಾನಾದಲ್ಲಿ ಡಾ. ಮಾರ್ಟಿನೆಜ್ ಕುರ್ಬೆಲೊ, ಮೂತ್ರನಾಳಕ್ಕೆ ಬಳಸುವ ಸಣ್ಣ ನಳಿಗೆಯನ್ನೇ ಸೂಜಿಯ ಮೂಲಕ ಬೆನ್ನಿನೊಳಗೆ ಇಳಿಸಿ ಅಲ್ಲೇ ಬಿಟ್ಟರು. ಆ ರೋಗಿ ಅಂಡಾಶಯದಲ್ಲಿ ಭಾರೀ ಗೆಡ್ಡೆಯಿದ್ದ ಒಬ್ಬ ಮಹಿಳೆ. ನಳಿಗೆ ಇದ್ದರೆ ಮತ್ತೆ ಮತ್ತೆ ಔಷಧ ಕೊಡಬಹುದು. ಹೀಗೆ ಆಪರೇಷನ್ ನಂತರದ ದಿನಗಳಿಗೂ ಬಾಗಿಲು ತೆರೆಯಿತು. 1979ರಿಂದ ಎಪಿಡ್ಯೂರಲ್‌ನಲ್ಲಿ ಅಲ್ಪ ಪ್ರಮಾಣದ ಮಾರ್ಫಿನ್ ಕೂಡ ಬಳಕೆಗೆ ಬಂತು. 2001ರಲ್ಲಿ ಹೊಟ್ಟೆಯ ಸ್ನಾಯುಪದರಗಳ ನಡುವೆಯೇ ಮದ್ದು ಕೊಡುವ ಟ್ಯಾಪ್ ಬ್ಲಾಕ್ ಬಂತು. ಈಗ ಅದನ್ನು ಅಲ್ಟ್ರಾಸೌಂಡ್ ನೋಡಿಕೊಂಡು ಕೊಡುತ್ತಾರೆ.

ಕಳೆದ ವರ್ಷ ಧಾರವಾಡದಿಂದ ಖರಾಡಿಯ ನಮ್ಮ ಮನೆಗೆ ಬಂದಿದ್ದ ಅಮ್ಮನಿಗೆ ಕರುಳಿನ ಆಪರೇಷನ್ ಆಯಿತು. ಬೆನ್ನಿಗೆ ಸೂಜಿ ಅಂದಕೂಡಲೇ "ಬ್ಯಾಡ, ಜನ್ಮಪೂರ್ತಿ ಬೆನ್ನು ನೋಯತೈತಿ" ಅಂದರು. ನಮ್ಮಲ್ಲಿ ಎಷ್ಟೋ ಹೆಂಗಸರ ಮನಸ್ಸಿನಲ್ಲಿರುವ ಭಯ ಇದು. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಆದರೆ ಎಪಿಡ್ಯೂರಲ್ ಪಡೆದ ಬಾಣಂತಿಯರ ಮೇಲಿನ ಅಧ್ಯಯನಗಳು ಅದು ದೀರ್ಘಕಾಲದ ಬೆನ್ನುನೋವಿಗೆ ಕಾರಣವೆಂದು ತೋರಿಸಿಲ್ಲ. ರಕ್ತದೊತ್ತಡ ಇಳಿಯುವುದು, ತುರಿಕೆ, ಕಾಲು ಜೋಮು ಹಿಡಿಯುವುದು ಉಂಟು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಲೇಬೇಕು. ಲಾಭವೂ ದೊಡ್ಡದು. ಹೊಟ್ಟೆ ನೋಯುವಾಗ ದೀರ್ಘ ಉಸಿರಾಡಲು, ಕೆಮ್ಮಲು ಆಗದೆ ಎದೆಯಲ್ಲಿ ಕಫ ಕಟ್ಟುತ್ತದೆ. ನೋವು ತಗ್ಗಿದರೆ ಬೇಗ ಎದ್ದು ಓಡಾಡಬಹುದು. ವೈದ್ಯರು ಕೂತು ವಿವರಿಸಿದ ಮೇಲೆ ಅಮ್ಮ ಒಪ್ಪಿದರು.

ಮರುದಿನ ನರ್ಸ್ ಬಂದು ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಎಂದು ಕೇಳಿದರು. ಅಮ್ಮನ ಉತ್ತರ: "ತಡ್ಕೋತೀನಿ ಬಿಡ್ರಿ". ತಡೆದುಕೊಳ್ಳುವುದೇ ಹೆಣ್ಣಿನ ಗುಣ ಎಂದು ಕಲಿತವರು ನಾವು. ಆದರೆ ನಳಿಗೆಯಲ್ಲಿ ಎಷ್ಟು ಮದ್ದು ಹೋಗಬೇಕೆಂದು ತೀರ್ಮಾನವಾಗುವುದು ನಾವು ಹೇಳುವ ಆ ಅಂಕಿಯಿಂದ. ಆದ್ದರಿಂದ ಆಪರೇಷನ್‌ಗೆ ಮೊದಲೇ ಅರಿವಳಿಕೆ ವೈದ್ಯರನ್ನು ಕಂಡು, ಆಮೇಲಿನ ನೋವಿಗೆ ಏನು ಮಾಡುತ್ತೀರಿ ಎಂದು ಕೇಳಿ. ನೋವು ಎಷ್ಟು ಎಂದು ಅವರು ಕೇಳಿದಾಗ ಸಂಕೋಚವಿಲ್ಲದೆ ಅಂಕಿ ಹೇಳಿ.