ದೇವದೂತರ ಗುಪ್ತ ಸಮರ ಮತ್ತು ಹದಿಹರೆಯದ ನಾಯಕಿ

ಏನಿದು ಕಥಾಪ್ರಕಾರ?

ದೇವದೂತರು ಮನುಷ್ಯರ ಅರಿವಿಗೆ ಬಾರದಂತೆ ತಮ್ಮೊಳಗೇ ನಡೆಸುವ ಯುದ್ಧ ಮತ್ತು ಅದರಲ್ಲಿ ಸಿಲುಕಿಕೊಳ್ಳುವ ಹದಿಹರೆಯದ ಹುಡುಗಿ: ಈ ಎರಡು ಅಂಶಗಳನ್ನು ಆಧಾರವಾಗಿಟ್ಟುಕೊಂಡ ಕಾದಂಬರಿಗಳು ಇಂಗ್ಲಿಷ್ ಸಾಹಿತ್ಯದಲ್ಲಿ ಒಂದು ಪ್ರತ್ಯೇಕ ಕವಲಾಗಿ ಬೆಳೆದಿವೆ. ‘ಯಂಗ್ ಅಡಲ್ಟ್’ ಎಂದು ಕರೆಯಲಾಗುವ ಯುವಜನ ಸಾಹಿತ್ಯದ ವಿಭಾಗಕ್ಕೆ ಇವು ಸೇರುತ್ತವೆ. ಕಥೆ ನಡೆಯುವುದು ಇಂದಿನ ಶಾಲೆ, ಮನೆ, ನಗರಗಳಲ್ಲಿ. ಆದರೆ ಅದರ ಬೇರುಗಳು ಎರಡು ಸಾವಿರ ವರ್ಷಗಳಿಗೂ ಹಿಂದಿನ ಧಾರ್ಮಿಕ ಗ್ರಂಥಗಳಲ್ಲಿವೆ.

2005ರಲ್ಲಿ ಪ್ರಕಟವಾದ ಸ್ಟೆಫೆನಿ ಮೇಯರ್ ಅವರ ‘ಟ್ವೈಲೈಟ್’ ರಕ್ತಪಿಶಾಚಿಯೊಬ್ಬನ ಪ್ರೇಮಕಥೆಯಾಗಿತ್ತು. ಅದರ ಭಾರಿ ಯಶಸ್ಸು ಅತಿಮಾನುಷ ಪಾತ್ರಗಳ ಪ್ರೇಮಕಥೆಗಳಿಗೆ ದೊಡ್ಡ ಓದುಗವರ್ಗವಿದೆ ಎಂಬುದನ್ನು ತೋರಿಸಿಕೊಟ್ಟಿತು. ಮುಂದಿನ ಕೆಲವೇ ವರ್ಷಗಳಲ್ಲಿ ರಕ್ತಪಿಶಾಚಿಯ ಸ್ಥಾನಕ್ಕೆ ದೇವದೂತನೂ ಬಂದ. 2009ರಿಂದ 2015ರವರೆಗಿನ ಅವಧಿ ಈ ಪ್ರಕಾರದ ಸಮೃದ್ಧಿಯ ಕಾಲ.

ಮೊದಲ ಮೂಲ: ಹೆರ್ಮೋನ್ ಬೆಟ್ಟದ ಮೇಲಿನ ಇಳಿತ

ದೇವಪುತ್ರರು ಮನುಷ್ಯಪುತ್ರಿಯರ ಚೆಲುವಿಗೆ ಮನಸೋತು ಅವರನ್ನು ಮದುವೆಯಾದರೆಂದು ಬೈಬಲಿನ ಆದಿಕಾಂಡದ ಆರನೆಯ ಅಧ್ಯಾಯ ಚುಟುಕಾಗಿ ಹೇಳುತ್ತದೆ. ನೆಫಿಲಿಮ್ ಎಂಬ ಮಹಾಕಾಯರ ಉಲ್ಲೇಖವೂ ಅಲ್ಲಿಯೇ ಬರುತ್ತದೆ. ಈ ಕಿರು ಪ್ರಸ್ತಾಪವನ್ನು ವಿಸ್ತಾರವಾದ ಕಥೆಯಾಗಿ ಬೆಳೆಸಿದ್ದು ‘ಹನೋಕನ ಗ್ರಂಥ’ ಎಂಬ ಪ್ರಾಚೀನ ಯಹೂದಿ ಕೃತಿ. ಅದರ ಅತ್ಯಂತ ಹಳೆಯ ಭಾಗಗಳು ಕ್ರಿಸ್ತಪೂರ್ವ ಕಾಲದವು.

ಆ ಗ್ರಂಥದ ಪ್ರಕಾರ, ಭೂಮಿಯನ್ನು ಕಾಯಬೇಕಾಗಿದ್ದ 200 ದೇವದೂತರು ಒಬ್ಬರಿಗೊಬ್ಬರು ಆಣೆಯಿಟ್ಟುಕೊಂಡು ಹೆರ್ಮೋನ್ ಬೆಟ್ಟದ ಮೇಲೆ ಇಳಿದರು. ಮನುಷ್ಯ ಸ್ತ್ರೀಯರನ್ನು ವರಿಸಿದರು. ನಿಷಿದ್ಧ ವಿದ್ಯೆಗಳನ್ನು ಕಲಿಸಿದರು. ಅವರಲ್ಲೊಬ್ಬನಾದ ಅಜಾಜೇಲನು ಕತ್ತಿ, ಗುರಾಣಿಗಳ ತಯಾರಿಕೆಯ ಜೊತೆಗೆ ಆಭರಣ ಮಾಡುವುದನ್ನೂ ಕಣ್ಣಿಗೆ ಬಣ್ಣ ಹಚ್ಚುವುದನ್ನೂ ಹೇಳಿಕೊಟ್ಟ. ಈ ದೂತರಿಗೂ ಸ್ತ್ರೀಯರಿಗೂ ಹುಟ್ಟಿದ ಮಹಾಕಾಯರು ಮನುಷ್ಯರ ಬೆಳೆಯನ್ನೆಲ್ಲ ತಿಂದು ಮುಗಿಸಿ, ಕೊನೆಗೆ ಮನುಷ್ಯರನ್ನೇ ತಿನ್ನತೊಡಗಿದರು. ಆಗ ಮೀಕಾಯೇಲ, ಗಬ್ರಿಯೇಲ, ರಫಾಯೇಲ, ಉರಿಯೇಲ ಎಂಬ ಪ್ರಧಾನ ದೂತರು ದೇವರಲ್ಲಿ ಮೊರೆಯಿಟ್ಟರು. ರಫಾಯೇಲನು ಅಜಾಜೇಲನ ಕೈಕಾಲು ಕಟ್ಟಿ ಮರುಭೂಮಿಯ ಕತ್ತಲ ಕುಳಿಗೆ ಎಸೆದ.

ಈ ಗ್ರಂಥ ಸಂಪೂರ್ಣವಾಗಿ ಉಳಿದುಬಂದದ್ದು ಇಥಿಯೋಪಿಯಾದ ಗೀಜ್ ಭಾಷೆಯಲ್ಲಿ. ಅಲ್ಲಿನ ಆರ್ಥೊಡಾಕ್ಸ್ ಚರ್ಚು ಇದನ್ನು ಪವಿತ್ರ ಗ್ರಂಥವೆಂದೇ ಮನ್ನಿಸುತ್ತದೆ. ಸ್ಕಾಟ್ಲೆಂಡಿನ ಪ್ರವಾಸಿ ಜೇಮ್ಸ್ ಬ್ರೂಸ್ 1773ರಲ್ಲಿ ಇದರ ಹಸ್ತಪ್ರತಿಗಳನ್ನು ಯೂರೋಪಿಗೆ ತಂದ. 1821ರಲ್ಲಿ ರಿಚರ್ಡ್ ಲಾರೆನ್ಸ್ ಮಾಡಿದ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಮೃತಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಇದರ ಅರಮಾಯಿಕ್ ಭಾಷೆಯ ತುಣುಕುಗಳು ದೊರೆತವು.

ಇಳಿದುಬಂದ ದೂತರ ನಾಯಕರನ್ನು ಹನೋಕನ ಗ್ರಂಥ ಒಬ್ಬೊಬ್ಬರಾಗಿ ಹೆಸರಿಸುತ್ತದೆ. ಅವರು ವರಿಸಿದ ಸ್ತ್ರೀಯರಲ್ಲಿ ಒಬ್ಬಳ ಹೆಸರೂ ಅಲ್ಲಿಲ್ಲ. ಅವರು ಒಪ್ಪಿದರೇ, ಹೆದರಿದರೇ, ಎದುರಿಸಿದರೇ ಎಂಬುದನ್ನೂ ಅದು ಹೇಳುವುದಿಲ್ಲ. ಈ ಖಾಲಿ ಜಾಗವೇ ಆಧುನಿಕ ಕಾದಂಬರಿಯ ಪ್ರವೇಶದ್ವಾರವಾಯಿತು.

ಎರಡನೆಯ ಮೂಲ: ಸ್ವರ್ಗದ ಯುದ್ಧ

ಬೈಬಲಿನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯ ಹನ್ನೆರಡನೆಯ ಅಧ್ಯಾಯದಲ್ಲಿ ಮೀಕಾಯೇಲನೂ ಅವನ ದೂತರೂ ಘಟಸರ್ಪದೊಡನೆ ಸ್ವರ್ಗದಲ್ಲಿ ಯುದ್ಧ ಮಾಡುತ್ತಾರೆ. ಸೋತ ಘಟಸರ್ಪ ತನ್ನ ದೂತರೊಡನೆ ಭೂಮಿಗೆ ದಬ್ಬಲ್ಪಡುತ್ತದೆ. ಅದೇ ಅಧ್ಯಾಯದಲ್ಲಿ ಸೂರ್ಯನನ್ನೇ ಉಟ್ಟುಕೊಂಡ ಸ್ತ್ರೀಯೊಬ್ಬಳಿದ್ದಾಳೆ. ಘಟಸರ್ಪ ಅಟ್ಟಿಸಿಕೊಂಡು ಬಂದಾಗ ಹದ್ದಿನ ಎರಡು ರೆಕ್ಕೆಗಳನ್ನು ಪಡೆದು ಅವಳು ಅಡವಿಗೆ ಹಾರುತ್ತಾಳೆ. ಅವಳಿಗೂ ಹೆಸರಿಲ್ಲ.  

ಈ ಯುದ್ಧಕ್ಕೆ ಮಹಾಕಾವ್ಯದ ರೂಪ ಕೊಟ್ಟವನು ಇಂಗ್ಲಿಷ್ ಕವಿ ಜಾನ್ ಮಿಲ್ಟನ್. 1667ರಲ್ಲಿ ಪ್ರಕಟವಾದ ಅವನ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಲ್ಲಿ ಯುದ್ಧ ಮೂರು ದಿನ ನಡೆಯುತ್ತದೆ. ಎರಡನೆಯ ದಿನ ಬಂಡಾಯಗಾರ ದೂತರು ಫಿರಂಗಿಗಳನ್ನು ರೂಪಿಸಿ ಪ್ರಯೋಗಿಸುತ್ತಾರೆ. ಮೂರನೆಯ ದಿನ ದೇವಪುತ್ರನು ಅವರನ್ನು ಹೊರಗಟ್ಟುತ್ತಾನೆ; ನರಕ ಮುಟ್ಟುವವರೆಗೆ ಅವರು ಒಂಬತ್ತು ದಿನ ಬೀಳುತ್ತಲೇ ಇರುತ್ತಾರೆ. ಸೈತಾನನ ದಂಡಿನಲ್ಲಿದ್ದು ಒಬ್ಬನೇ ಎದ್ದುನಿಂತು ಪ್ರತಿಭಟಿಸುವ ಅಬ್ದಿಯೇಲನ ಪಾತ್ರವೂ ಅಲ್ಲಿದೆ. ಅದಕ್ಕೂ ಮೂರೂವರೆ ಶತಮಾನದಷ್ಟು ಹಿಂದೆ ಇಟಲಿಯ ದಾಂತೆ ತನ್ನ ಕಾವ್ಯದ ನರಕದ್ವಾರದಲ್ಲಿ ಯಾವ ಪಕ್ಷಕ್ಕೂ ಸೇರದ ತಟಸ್ಥ ದೂತರನ್ನು ಇರಿಸಿದ್ದ. ನಿಷ್ಠ, ಬಂಡಾಯಗಾರ, ತಟಸ್ಥ ಎಂಬ ಈ ಮೂರು ಮಾದರಿಗಳು ಇಂದಿನ ಕಾದಂಬರಿಗಳ ದೂತಪಾತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

ಕಥೆಯ ವಿನ್ಯಾಸ

ಈ ಪ್ರಕಾರದ ಕಥೆಗಳು ಸಾಮಾನ್ಯವಾಗಿ ನಾಲ್ಕು ಹಂತಗಳಲ್ಲಿ ಸಾಗುತ್ತವೆ. ಮೊದಲನೆಯದು ಬಿರುಕು. ಇತರರಿಗೆ ಕಾಣದ್ದು ನಾಯಕಿಗೆ ಕಾಣುತ್ತದೆ. ಎರಡನೆಯದು ವಂಶದ ಅಥವಾ ಜನ್ಮದ ರಹಸ್ಯ. ಅವಳು ಈ ಯುದ್ಧಕ್ಕೆ ಆಕಸ್ಮಿಕವಾಗಿ ಬಂದವಳಲ್ಲ, ಅವಳ ರಕ್ತಕ್ಕೋ ಹಿಂದಿನ ಜನ್ಮಕ್ಕೋ ಅದರೊಡನೆ ಸಂಬಂಧವಿದೆ ಎಂಬುದು ತಿಳಿಯುತ್ತದೆ. ಮೂರನೆಯದು ದ್ವಂದ್ವ. ಅವಳಿಗೆ ಹತ್ತಿರವಾದ ದೇವದೂತನ ನಿಷ್ಠೆ ಯಾರ ಕಡೆಗಿದೆ ಎಂಬ ಸಂಶಯ ಕಥೆಯನ್ನು ಮುಂದಕ್ಕೆ ಒಯ್ಯುತ್ತದೆ. ನಾಲ್ಕನೆಯದು ಆಯ್ಕೆ. ಯುದ್ಧದ ಫಲಿತಾಂಶ ದೂತರ ಬಲಕ್ಕಿಂತ ಅವಳ ನಿರ್ಧಾರವನ್ನು ಅವಲಂಬಿಸುತ್ತದೆ.

ಯುದ್ಧ ಗುಪ್ತವಾಗಿರುವುದಕ್ಕೆ ಕಥನದ ದೃಷ್ಟಿಯಿಂದ ಸ್ಪಷ್ಟ ಕಾರಣವಿದೆ. ಎಲ್ಲರಿಗೂ ಗೊತ್ತಿರುವ ಯುದ್ಧವಾದರೆ ಅದನ್ನು ಸೇನೆ, ಸರ್ಕಾರ, ಹಿರಿಯರು ನಿಭಾಯಿಸುತ್ತಾರೆ. ಯಾರಿಗೂ ಹೇಳಲಾಗದ ಯುದ್ಧದಲ್ಲಿ ಹದಿಹರೆಯದವಳು ತಾನೇ ಯೋಚಿಸಿ ತಾನೇ ತೀರ್ಮಾನಿಸಬೇಕಾಗುತ್ತದೆ.

ಪ್ರಮುಖ ಕೃತಿಗಳು

ಲಾರೆನ್ ಕೇಟ್ ಅವರ ‘ಫಾಲನ್’ (2009) ಈ ವಿನ್ಯಾಸದ ಅತ್ಯಂತ ಸ್ಪಷ್ಟ ಮಾದರಿ. ಹದಿನೇಳರ ಲೂಸ್ ಪ್ರೈಸ್ ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನ್ನಾ ಬಳಿಯ ಸುಧಾರಣಾ ಶಾಲೆಯೊಂದಕ್ಕೆ ಸೇರುತ್ತಾಳೆ. ಬಾಲ್ಯದಿಂದಲೂ ಅವಳ ಸುತ್ತ ಕಪ್ಪು ನೆರಳುಗಳು ಸುಳಿಯುತ್ತಿರುತ್ತವೆ. ಶಾಲೆಯಲ್ಲಿ ಡೇನಿಯಲ್ ಗ್ರಿಗೋರಿ ಅವಳನ್ನು ದೂರವಿಡುತ್ತಾನೆ. ಕ್ಯಾಮ್ ಎಂಬವನು ಹತ್ತಿರವಾಗಲು ಯತ್ನಿಸುತ್ತಾನೆ. ಇಬ್ಬರೂ ದೇವದೂತರು. ಲೂಸ್ ಜನ್ಮಜನ್ಮಾಂತರಗಳಿಂದ ಡೇನಿಯಲ್‌ನನ್ನು ಪ್ರೀತಿಸಿ, ಹದಿನೇಳರ ಆಸುಪಾಸಿನಲ್ಲಿ ಸತ್ತು, ಮತ್ತೆ ಹುಟ್ಟುತ್ತಿರುವವಳು. ಸ್ವರ್ಗದ ಯುದ್ಧದಲ್ಲಿ ದೇವರ ಪಕ್ಷವನ್ನೂ ಬಂಡಾಯಗಾರ ಲೂಸಿಫರ್‌ನ ಪಕ್ಷವನ್ನೂ ಸೇರದೆ ಪ್ರೀತಿಯನ್ನೇ ಆರಿಸಿಕೊಂಡದ್ದಕ್ಕೆ ಡೇನಿಯಲ್‌ಗೆ ಒದಗಿದ ಶಾಪವಿದು. ದಾಂತೆ ತುಚ್ಛವಾಗಿ ಕಂಡ ತಟಸ್ಥ ದೂತ ಇಲ್ಲಿ ನಾಯಕನಾಗಿದ್ದಾನೆ. ಸರಣಿಯ ನಾಲ್ಕನೆಯ ಪುಸ್ತಕ ‘ರ‍್ಯಾಪ್ಚರ್’ (2012) ದೂತರ ಪತನದ ಒಂಬತ್ತು ದಿನಗಳನ್ನೇ ಕಥೆಯ ಗಡುವಾಗಿ ಬಳಸಿಕೊಂಡಿದೆ.

ಬೆಕ್ಕಾ ಫಿಟ್ಜ್‌ಪ್ಯಾಟ್ರಿಕ್ ಅವರ ‘ಹಷ್, ಹಷ್’ (2009) ಹನೋಕನ ಕಥೆಗೆ ಹೆಚ್ಚು ಸಮೀಪ. ಇಲ್ಲಿನ ಪತಿತ ದೂತರಿಗೆ ದೇಹವಿದ್ದರೂ ಸ್ಪರ್ಶದ ಅನುಭವವಿಲ್ಲ. ಆದ್ದರಿಂದ ಪ್ರತಿವರ್ಷ ಯಹೂದಿ ಪಂಚಾಂಗದ ಹೆಶ್ವಾನ್ ಮಾಸದಲ್ಲಿ ಅವರು ನೆಫಿಲಿಮ್‌ಗಳ ದೇಹವನ್ನು ಆಕ್ರಮಿಸಿಕೊಳ್ಳುತ್ತಾರೆ. ಈ ದಾಸ್ಯವೇ ಇಬ್ಬರ ನಡುವಿನ ಗುಪ್ತ ಯುದ್ಧಕ್ಕೆ ಕಾರಣ. ಮೇಯ್ನ್ ರಾಜ್ಯದ ಶಾಲಾ ವಿದ್ಯಾರ್ಥಿನಿ ನೋರಾ ಗ್ರೇ ಕೊನೆಯ ಪುಸ್ತಕದಲ್ಲಿ ನೆಫಿಲಿಮ್ ಸೇನೆಯ ನಾಯಕತ್ವ ವಹಿಸುತ್ತಾಳೆ.

ಸೂಸನ್ ಈ ಅವರ ‘ಏಂಜಲ್‌ಫಾಲ್’ (2011) ಲೇಖಕಿ ಸ್ವತಃ ಪ್ರಕಟಿಸಿ ಜನಪ್ರಿಯವಾದ ಕಾದಂಬರಿ. ಇಲ್ಲಿ ಮನುಷ್ಯರ ಮೇಲೆ ದೂತರ ದಾಳಿ ಬಹಿರಂಗವಾಗಿದೆ, ದೂತರೊಳಗಿನ ಅಧಿಕಾರದ ಕಚ್ಚಾಟ ಮಾತ್ರ ಗುಪ್ತ. ಹದಿನೇಳರ ಪೆನ್ರಿನ್ ಗಾಲಿಕುರ್ಚಿಯಲ್ಲಿರುವ ತಂಗಿ ಪೇಜ್ ಮತ್ತು ತಾಯಿಯೊಡನೆ ರಾತ್ರಿ ಊರು ಬಿಡುವಾಗ ಬೀದಿಯಲ್ಲಿ ದೂತರ ಗುಂಪೊಂದು ಒಬ್ಬ ದೂತನ ರೆಕ್ಕೆಗಳನ್ನು ಕತ್ತರಿಸುತ್ತಿರುವುದು ಕಾಣುತ್ತದೆ. ಅವಳು ಅವನತ್ತ ಖಡ್ಗ ಎಸೆಯುತ್ತಾಳೆ. ಅದಕ್ಕೆ ಪ್ರತೀಕಾರವಾಗಿ ದೂತನೊಬ್ಬ ತಂಗಿಯನ್ನೇ ಎತ್ತಿಕೊಂಡು ಹಾರಿಹೋಗುತ್ತಾನೆ. ರೆಕ್ಕೆ ಕಳೆದುಕೊಂಡ ರಾಫಿ ಎಂಬ ಆ ದೂತನಿಗೆ ದೂತರ ನೆಲೆ ತಲುಪಬೇಕು. ಪೆನ್ರಿನ್‌ಗೆ ತಂಗಿ ಬೇಕು. ಸ್ಯಾನ್ ಫ್ರಾನ್ಸಿಸ್ಕೋದವರೆಗಿನ ಅವರ ಪ್ರಯಾಣ ಈ ಒಪ್ಪಂದದ ಮೇಲೆ ನಡೆಯುತ್ತದೆ. ನೆಲೆಯಲ್ಲಿ ಉರಿಯೇಲನು ದೂತರ ನಾಯಕಪಟ್ಟಕ್ಕಾಗಿ ತಂತ್ರ ಹೂಡುತ್ತಿರುತ್ತಾನೆ.

ಇವುಗಳಿಗೂ ಮುನ್ನ ಬಂದ ಫಿಲಿಪ್ ಪುಲ್‌ಮನ್ ಅವರ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ (1995–2000) ಮಿಲ್ಟನ್‌ನ ಕಾವ್ಯವನ್ನು ನೇರವಾಗಿ ಎದುರುಗೊಂಡ ಕೃತಿತ್ರಯ. ಅದರ ಹೆಸರೂ ‘ಪ್ಯಾರಡೈಸ್ ಲಾಸ್ಟ್’ನಿಂದಲೇ ಬಂದದ್ದು. ಬಾಲ್ಯದಿಂದ ಹರೆಯಕ್ಕೆ ಕಾಲಿಡುತ್ತಿರುವ ಲೈರಾ ಇದರ ನಾಯಕಿ. ಸ್ವರ್ಗವನ್ನು ಆಳುವ ಮೆಟಟ್ರಾನ್ ಹಿಂದೊಮ್ಮೆ ಹನೋಕನೆಂಬ ಮನುಷ್ಯನಾಗಿದ್ದವನು. ಇದರ ಮೂರನೆಯ ಸಂಪುಟ 2001ನೇ ಸಾಲಿನ ವಿಟ್‌ಬ್ರೆಡ್ ವರ್ಷದ ಪುಸ್ತಕ ಪ್ರಶಸ್ತಿ ಪಡೆಯಿತು. ಮಕ್ಕಳ ಪುಸ್ತಕವೊಂದಕ್ಕೆ ಆ ಗೌರವ ಸಂದದ್ದು ಅದೇ ಮೊದಲು.

ತೆರೆಯ ಮೇಲೆ

‘ಫಾಲನ್’ 2016ರಲ್ಲಿ ಸ್ಕಾಟ್ ಹಿಕ್ಸ್ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ಪುಲ್‌ಮನ್ ಅವರ ಮೊದಲ ಸಂಪುಟ 2007ರಲ್ಲಿ ‘ದಿ ಗೋಲ್ಡನ್ ಕಂಪಾಸ್’ ಎಂಬ ಚಿತ್ರವಾಗಿ ಬಂತು. ಮೂರೂ ಸಂಪುಟಗಳು 2019ರಿಂದ 2022ರವರೆಗೆ ದೂರದರ್ಶನ ಸರಣಿಯಾಗಿ ಪ್ರಸಾರವಾದವು. ದೇವದೂತನ ರಕ್ತದಿಂದ ಹುಟ್ಟಿದ ಯೋಧಕುಲದ ಕಥೆಯನ್ನು ಹೇಳುವ ಕಸಾಂಡ್ರಾ ಕ್ಲೇರ್ ಅವರ ಕಾದಂಬರಿಗಳೂ 2013ರಲ್ಲಿ ಚಿತ್ರವಾಗಿ, 2016ರಿಂದ ‘ಶ್ಯಾಡೋಹಂಟರ್ಸ್’ ಎಂಬ ಸರಣಿಯಾಗಿ ತೆರೆಗೆ ಬಂದವು.

ಟೀಕೆಗಳು

ಈ ಕೃತಿಗಳು ಎರಡು ದಿಕ್ಕಿನಿಂದ ಟೀಕೆಗೆ ಒಳಗಾಗಿವೆ. ಧಾರ್ಮಿಕ ಆಕ್ಷೇಪ ಮೊದಲನೆಯದು. ‘ದಿ ಗೋಲ್ಡನ್ ಕಂಪಾಸ್’ ಚಿತ್ರವನ್ನು ಬಹಿಷ್ಕರಿಸುವಂತೆ ಅಮೆರಿಕದ ಕ್ಯಾಥೊಲಿಕ್ ಲೀಗ್ ಸಂಘಟನೆ ಕರೆ ಕೊಟ್ಟಿತ್ತು. ಸ್ವರ್ಗದ ದೂತರು ಮದುವೆಯಾಗುವುದಿಲ್ಲವೆಂದು ಸುವಾರ್ತೆಗಳು ಹೇಳುವುದರಿಂದ, ದೂತ ಮತ್ತು ಮಾನವಿಯ ಪ್ರೇಮಕಥೆ ಸಾಂಪ್ರದಾಯಿಕ ಕ್ರೈಸ್ತ ಬೋಧನೆಯಿಂದ ದೂರವೇ ನಿಲ್ಲುತ್ತದೆ. ಎರಡನೆಯ ಟೀಕೆ ಸ್ತ್ರೀಪರ ದೃಷ್ಟಿಯದು. ‘ಹಷ್, ಹಷ್’ನಲ್ಲಿ ನಾಯಕಿಯನ್ನು ಹಿಂಬಾಲಿಸುವ, ಬೆದರಿಸುವ, ಒಂದು ಹಂತದಲ್ಲಿ ಕೊಲ್ಲಲೂ ಯೋಚಿಸುವ ದೂತನನ್ನು ಪ್ರೇಮಿಯಾಗಿ ವೈಭವೀಕರಿಸಲಾಗಿದೆ ಎಂಬ ಆಕ್ಷೇಪ ವ್ಯಾಪಕವಾಗಿ ಕೇಳಿಬಂತು. ಈ ಆಕ್ಷೇಪದಲ್ಲಿ ಹುರುಳಿದೆ. ಹದಿಹರೆಯದ ಓದುಗರಿಗೆ ಭಯವನ್ನೇ ಪ್ರೀತಿಯೆಂದು ತೋರಿಸುವುದು ಸಣ್ಣ ದೋಷವಲ್ಲ.

ಮಹತ್ವ

ಪ್ರಾಚೀನ ಕಥೆಯಲ್ಲಿ ದೂತರ ಪತನಕ್ಕೆ ನೆಪವಷ್ಟೇ ಆಗಿದ್ದ ಹೆಣ್ಣಿಗೆ ಹೆಸರು, ಮಾತು, ನಿರ್ಧಾರಗಳನ್ನು ಕೊಟ್ಟದ್ದು ಈ ಪ್ರಕಾರದ ಮುಖ್ಯ ಸಾಧನೆ. ಇಲ್ಲಿನ ಕೃತಿಗಳ ಏರಿಳಿತವನ್ನೂ ಇದೇ ಮಾನದಂಡದಿಂದ ಅಳೆಯಬಹುದು. ನಾಯಕಿ ರಕ್ಷಣೆಗಾಗಿ ಕಾಯುತ್ತ ಕುಳಿತಿರುವಲ್ಲಿ ಕಥೆ ಹಳೆಯ ಜಾಡಿಗೇ ಮರಳುತ್ತದೆ. ಪೆನ್ರಿನ್ ತಂಗಿಗಾಗಿ ಶತ್ರುಗಳ ನೆಲೆಯನ್ನೇ ಹೊಗುವಲ್ಲಿ, ಲೈರಾ ಸತ್ತವರ ಲೋಕಕ್ಕೆ ಇಳಿದು ಅಲ್ಲಿನವರಿಗೆ ಬಿಡುಗಡೆಯ ದಾರಿ ತೆರೆಯುವಲ್ಲಿ, ಎರಡು ಸಾವಿರ ವರ್ಷಗಳಿಂದ ದೂತರದ್ದೇ ಆಗಿದ್ದ ಕಥೆ ಮಾನವಿಯೊಬ್ಬಳ ಕಥೆಯಾಗುತ್ತದೆ. ಹದಿಹರೆಯದ ಓದುಗರು ಈ ಪುಸ್ತಕಗಳಿಂದ ನಿಜವಾಗಿ ಪಡೆಯುವುದು ಈ ಭರವಸೆಯನ್ನೇ: ಹಿರಿಯ ಶಕ್ತಿಗಳು ಆರಂಭಿಸಿದ ಯುದ್ಧದಲ್ಲಿಯೂ ಕಿರಿಯರ ವಿವೇಕಕ್ಕೆ ತೂಕವಿದೆ.